ಸ್ವಿಚ್ ಹೋಸ್ಟ್‌ನೇಮ್ ಕಮಾಂಡ್ ತೆಗೆದುಕೊಳ್ಳುತ್ತಿಲ್ಲ, ಟೆಲ್‌ನೆಟ್ ಕೂಡ ಆಗುತ್ತಿಲ್ಲ

ಹೊಸ_ಕಲಿಕೆ:
ಕನ್ಸೋಲ್ ಕೇಬಲ್ ಹಾಕಿ, ಪುಟ್ಟಿ ಅನ್ನೋ ಟರ್ಮಿನಲ್ ಪ್ರೋಗ್ರಾಂನಲ್ಲಿ ಸೀರಿಯಲ್ ಆರಿಸಿ, ಸ್ಪೀಡ್ 9600 ಕೊಟ್ಟು ಸಿಸ್ಕೋ ನೆಟ್‌ವರ್ಕ್ ಸ್ವಿಚ್ ಒಳಗೆ ಹೋಗಿದ್ದೇನೆ. ಸ್ವಿಚ್‌ಗೆ ಹೆಸರಿಡಲು ಹೋಸ್ಟ್‌ನೇಮ್ ಅಂತ ಹೊಡೆದು ಹೆಸರು ಕೊಟ್ಟರೆ ಇನ್‌ವ್ಯಾಲಿಡ್ ಇನ್‌ಪುಟ್ ಅನ್ನುತ್ತದೆ, ಜೊತೆಗೆ ^ ಗುರುತು. ಸುಮ್ನೆ ಒಂದು ಪದ ಹೊಡೆದರೆ ಟ್ರಾನ್ಸ್‌ಲೇಟಿಂಗ್ ಅಂತ ಬಂದು ಅಲ್ಲೇ ನಿಂತುಬಿಡುತ್ತದೆ. ನೆಟ್‌ವರ್ಕ್ ಮೂಲಕ ದೂರದಿಂದ ಒಳಗೆ ಹೋಗುವ ಟೆಲ್‌ನೆಟ್‌ನಲ್ಲಿ 'ಪಾಸ್‌ವರ್ಡ್ ರಿಕ್ವೈರ್ಡ್, ಬಟ್ ನನ್ ಸೆಟ್'. ಕರ್ನಲ್, ಶೆಲ್, ಎಕ್ಸೆಕ್ ಮೋಡ್ ಎಲ್ಲ ಓದಿದೆ, ತಲೆಗೆ ಹತ್ತಲಿಲ್ಲ. ಸ್ವಿಚ್ ಕೆಟ್ಟಿದೆಯಾ?

ಕೇಬಲ್_ಗಂಟು:
ಇಲ್ಲ, ಚೆನ್ನಾಗಿಯೇ ಇದೆ. ಪ್ರಾಂಪ್ಟ್ (ನೀವು ಟೈಪ್ ಮಾಡುವ ಜಾಗಕ್ಕೆ ಮೊದಲು ಕಾಣುವ ಹೆಸರು) ಕೊನೆಯಲ್ಲಿ > ಇದೆಯಾ, # ಇದೆಯಾ?

ಹೊಸ_ಕಲಿಕೆ:
> ಇದೆ.

ಕೇಬಲ್_ಗಂಟು:
ಹಾಗಾದರೆ ಅದೇ ಕಾರಣ. ಕರ್ನಲ್ ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಒಳಭಾಗ, ಅದನ್ನು ಸದ್ಯಕ್ಕೆ ಮರೆತುಬಿಡಿ. ಶೆಲ್ ಅಂದರೆ ನೀವು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಭಾಗ. ಈ ಸ್ವಿಚ್‌ನಲ್ಲಿ ಆ ಕೆಲಸ ಸಿಎಲ್‌ಐಯದ್ದು, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯದ್ದು, ಮತ್ತು ಅದು ಪ್ರತಿ ಮೋಡ್‌ನಲ್ಲೂ ಬೇರೆ ಬೇರೆ ಕಮಾಂಡ್‌ಗಳನ್ನಷ್ಟೇ ಒಪ್ಪುತ್ತದೆ. > ಇದ್ದರೆ ಯೂಸರ್ ಎಕ್ಸೆಕ್ ಮೋಡ್, ಅಲ್ಲಿ ಪಿಂಗ್, ಕೆಲವು ಶೋ ಕಮಾಂಡ್‌ನಂಥ ಕೆಲವೇ ಕಮಾಂಡ್‌ಗಳು ನಡೆಯುತ್ತವೆ. ಎನೇಬಲ್ ಹೊಡೆದರೆ # ಬರುತ್ತದೆ, ಅದು ಪ್ರಿವಿಲೆಜ್ಡ್ ಎಕ್ಸೆಕ್. ಅಲ್ಲೂ ಹೆಸರು ಬದಲಾಯಿಸಲು ಆಗುವುದಿಲ್ಲ! ಕಾನ್ಫಿಗರ್ ಟರ್ಮಿನಲ್ ಹೊಡೆಯಿರಿ, # ಹಿಂದೆ ಆವರಣದಲ್ಲಿ ಕಾನ್ಫಿಗ್ ಅಂತ ಬಂದ ಮೇಲೆ ಹೋಸ್ಟ್‌ನೇಮ್ ಕೊಡಿ.

^ ಗುರುತು ಕೂಡ ಸುಮ್ನೆ ಬರುವುದಿಲ್ಲ, ಯಾವ ಅಕ್ಷರದ ಹತ್ತಿರ ನಿಮ್ಮ ಕಮಾಂಡ್ ಅರ್ಥವಾಗದೆ ನಿಂತಿತು ಅಂತ ತೋರಿಸುತ್ತದೆ. ಏನು ಹೊಡೆಯಬಹುದು ಅಂತ ಗೊತ್ತಿಲ್ಲದಿದ್ದರೆ ? ಒತ್ತಿ, ಆ ಮೋಡ್‌ನಲ್ಲಿ ಇರುವ ಕಮಾಂಡ್‌ಗಳ ಪಟ್ಟಿಯೇ ಬರುತ್ತದೆ. ನೆಟ್‌ನಲ್ಲಿ ಹುಡುಕುವುದಕ್ಕಿಂತ ಇದು ಬೇಗ.

ಟ್ರಾನ್ಸ್‌ಲೇಟಿಂಗ್ ಬಂದರೆ ಗಾಬರಿ ಬೇಡ. ಗೊತ್ತಿಲ್ಲದ ಪದವನ್ನು ಸ್ವಿಚ್ ಯಾವುದೋ ಕಂಪ್ಯೂಟರ್ ಹೆಸರು ಅಂದುಕೊಂಡು, ಹೆಸರಿಗೆ ಐಪಿ ವಿಳಾಸ ಕೊಡುವ ಡಿಎನ್‌ಎಸ್‌ನಲ್ಲಿ ಹುಡುಕುತ್ತದೆ. ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ ನಿಲ್ಲಿಸಬಹುದು. ಕಾನ್ಫಿಗ್ ಮೋಡ್‌ನಲ್ಲಿ 'ನೋ ಐಪಿ ಡೊಮೇನ್-ಲುಕಪ್' ಹಾಕಿದರೆ ಆ ಕಾಟವೇ ಇರುವುದಿಲ್ಲ.

ರಾತ್ರಿ_ಪಾಳಿ:
ಟೆಲ್‌ನೆಟ್ ಬಗ್ಗೆ ನಾನು ಹೇಳುತ್ತೇನೆ. ಆ ಮೆಸೇಜ್ ಬಂತು ಅಂದರೆ ನೆಟ್‌ವರ್ಕ್ ಸರಿಯಿದೆ, ಐಪಿ ಸಿಗುತ್ತಿದೆ. ದೂರದಿಂದ ಬರುವವರಿಗಿರುವ ವಿಟಿವೈ ಲೈನ್‌ಗೆ ಪಾಸ್‌ವರ್ಡ್ ಹಾಕಿಲ್ಲ, ಅದಕ್ಕೇ ಬಾಗಿಲು ತೆಗೆಯುತ್ತಿಲ್ಲ. 'ಲೈನ್ ವಿಟಿವೈ 0 15' ಒಳಗೆ ಹೋಗಿ ಪಾಸ್‌ವರ್ಡ್ ಕೊಡಿ, ಲಾಗಿನ್ ಅಂತಲೂ ಹಾಕಿ. ಎನೇಬಲ್‌ಗೆ ಇಡುವ ಪಾಸ್‌ವರ್ಡ್, ಅಂದರೆ ಎನೇಬಲ್ ಸೀಕ್ರೆಟ್ ಕೂಡ ಬೇಕು, ಇಲ್ಲದಿದ್ದರೆ ದೂರದಿಂದ ಬಂದವರು > ಹತ್ತಿರವೇ ನಿಂತುಬಿಡುತ್ತಾರೆ. ಆದರೆ ಟೆಲ್‌ನೆಟ್ ಕಲಿಯುವುದಕ್ಕಷ್ಟೇ ಸಾಕು, ಪಾಸ್‌ವರ್ಡ್ ಸಮೇತ ಎಲ್ಲ ಬಯಲಲ್ಲೇ ಹೋಗುತ್ತದೆ. ನಿಜವಾದ ನೆಟ್‌ವರ್ಕ್‌ನಲ್ಲಿ ಎಲ್ಲವನ್ನೂ ಗುಪ್ತವಾಗಿ ಕಳುಹಿಸುವ ಎಸ್‌ಎಸ್‌ಎಚ್ ಬಳಸಿ, ಪೋರ್ಟ್ 23 ಬದಲು 22.

ಹೊಸ_ಕಲಿಕೆ:
ಹೆಸರು ಬಂತು, ಟೆಲ್‌ನೆಟ್ ಕೂಡ ಆಯಿತು! ಈಗ ಪವರ್ ತೆಗೆದರೂ ಇದೆಲ್ಲ ಉಳಿಯುತ್ತದೆ ಅಲ್ವಾ?

ಕೇಬಲ್_ಗಂಟು:
ಉಳಿಯಲ್ಲ, ತೆಗೆಯಬೇಡಿ! ಈಗ ನಡೆಯುತ್ತಿರುವುದು ರನ್ನಿಂಗ್-ಕಾನ್ಫಿಗ್, ಅದು ಪವರ್ ಹೋದರೆ ಅಳಿಸಿಹೋಗುವ ರ‍್ಯಾಮ್‌ನಲ್ಲಿದೆ. ಎಂಡ್ ಹೊಡೆದು # ಗೆ ಬಂದು, ಅದನ್ನು ಪವರ್ ಹೋದರೂ ಉಳಿಯುವ ಸ್ಟಾರ್ಟ್ಅಪ್-ಕಾನ್ಫಿಗ್‌ಗೆ ನಕಲಿಸಲು 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟ್ಅಪ್-ಕಾನ್ಫಿಗ್' ಕೊಡಿ, ಫೈಲ್ ಹೆಸರು ಕೇಳಿದರೆ ಸುಮ್ನೆ ಎಂಟರ್ ಒತ್ತಿ. ಓಕೆ ಅಂತ ಬಂದ ಮೇಲೆ ಆಫ್ ಮಾಡಿ.