ಎಂಆರ್‌ಐನಲ್ಲಿ ಎಡ-ಬಲ ವ್ಯತ್ಯಾಸವಿದ್ದರೂ ಅದು ಆನುವಂಶಿಕ ಬಿಳಿ ದ್ರವ್ಯದ ಕಾಯಿಲೆಯಾಗಿರಬಹುದೇ?

ಪ್ರಶ್ನೆ

ನನ್ನ ಅಕ್ಕನಿಗೆ 44 ವರ್ಷ. ಎರಡು ವರ್ಷಗಳಿಂದ ಮಾತು ಕಡಿಮೆಯಾಗುತ್ತಾ ಬಂದು, ಲೆಕ್ಕಪತ್ರದ ಕೆಲಸದಲ್ಲಿ ಮೇಲಿಂದ ಮೇಲೆ ತಪ್ಪುಗಳಾಗಿ, ಈಗ ನಡಿಗೆಯೂ ನಿಧಾನವಾಗಿದೆ. ಮೊದಲ ಎಂಆರ್‌ಐ ನೋಡಿದವರು ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ಎಂದು ಸ್ಟೀರಾಯ್ಡ್ ಕೊಟ್ಟರು, ಗುಣ ಕಾಣಲಿಲ್ಲ. ಈಗಿನ ವೈದ್ಯರು ವಂಶಪಾರಂಪರ್ಯವಾಗಿ ಬರುವ ಲ್ಯೂಕೋಡಿಸ್ಟ್ರೋಫಿ, ಅಂದರೆ ಮಿದುಳಿನ ಬಿಳಿ ದ್ರವ್ಯ (ನರತಂತುಗಳ ಭಾಗ) ಕೆಡುವ ಕಾಯಿಲೆ, ಇರಬಹುದೆಂದು ಶಂಕಿಸುತ್ತಿದ್ದಾರೆ. ಆದರೆ ಇಂತಹ ಕಾಯಿಲೆಯಲ್ಲಿ ಮಿದುಳಿನ ಎರಡೂ ಬದಿ ಒಂದೇ ರೀತಿ ಕಾಣಬೇಕೆಂದು ಓದಿದ್ದೇನೆ. ಅಕ್ಕನ ವರದಿಯಲ್ಲಿ ಎಡಭಾಗದಲ್ಲೇ ಹೆಚ್ಚು ಎಂದಿದೆ. ನಮ್ಮ ತಂದೆಯವರು 52ನೇ ವಯಸ್ಸಿನಲ್ಲಿ ಮರೆವಿನ ಕಾಯಿಲೆಯಿಂದ ತೀರಿಕೊಂಡರು. ಚಿತ್ರಗಳಲ್ಲಿ ಇನ್ನೇನನ್ನು ಗಮನಿಸಬೇಕು?

ಉತ್ತರ 1 (ರೇಡಿಯಾಲಜಿ ವೈದ್ಯೆ)

ಎರಡೂ ಬದಿ ಸಮನಾಗಿರಬೇಕೆಂಬ ಮಾತು ಮಕ್ಕಳಲ್ಲಿ ಕಾಣುವ ಹಲವು ಲ್ಯೂಕೋಡಿಸ್ಟ್ರೋಫಿಗಳಿಗೆ ಸರಿಹೊಂದುತ್ತದೆ. ವಯಸ್ಕರಲ್ಲಿ ಸಿಎಸ್‌ಎಫ್‌1ಆರ್ ಜೀನಿನ ದೋಷದಿಂದ ಬರುವ ಕಾಯಿಲೆಯಲ್ಲಿ, ಅಂದರೆ ಎಎಲ್‌ಎಸ್‌ಪಿಯಲ್ಲಿ, ಆರಂಭದ ಕಲೆಗಳು ಬಿಡಿಬಿಡಿಯಾಗಿಯೂ ಎಡ-ಬಲ ಅಸಮವಾಗಿಯೂ ಇರುತ್ತವೆ. ಮುಂದೆ ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೆಚ್ಚಾಗಿ ಮುಂಭಾಗದ ಮತ್ತು ಮೇಲ್ಭಾಗದ ಹಾಲೆಗಳಲ್ಲಿ, ಮಿದುಳಿನ ಒಳಗಿನ ದ್ರವ ತುಂಬಿದ ಕುಹರಗಳ ಸುತ್ತ ಇವು ಕಾಣುತ್ತವೆ. ಹೀಗಾಗಿಯೇ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಭಾವಿಸುವುದು ಅಪರೂಪವಲ್ಲ.

ನಾನಾಗಿದ್ದರೆ ಮೂರು ವಿಷಯಗಳನ್ನು ನೋಡುತ್ತಿದ್ದೆ. ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ವಯಸ್ಸಿಗೆ ಮೀರಿ ತೆಳುವಾಗಿದೆಯೇ? ಕಾಂಟ್ರಾಸ್ಟ್ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಚಿತ್ರ ತೆಗೆದಾಗ ಕಲೆಗಳು ಬೆಳಗದೆ ಹಾಗೆಯೇ ಉಳಿದವೇ? ಮೂರನೆಯದು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ: ಡಿಫ್ಯೂಷನ್ ಚಿತ್ರದಲ್ಲಿ (ಅಂಗಾಂಶದಲ್ಲಿ ನೀರಿನ ಚಲನೆಯನ್ನು ತೋರಿಸುವ ಎಂಆರ್‌ಐ ಬಗೆ) ಹೊಳೆಯುವ ಚುಕ್ಕೆಗಳಿದ್ದರೆ, ಅವು ಮುಂದಿನ ಎಂಆರ್‌ಐನಲ್ಲೂ ಅಲ್ಲಿಯೇ ಇವೆಯೇ? ರಕ್ತನಾಳ ಕಟ್ಟಿಕೊಂಡು ಆದ ಪಾರ್ಶ್ವವಾಯುವಿನ ಹೊಳಪು ಕೆಲವು ವಾರಗಳಲ್ಲಿ ಮಾಸುತ್ತದೆ. ಈ ಕಾಯಿಲೆಯಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುತ್ತದೆ. ಆದ್ದರಿಂದ ವರದಿಯ ಕಾಗದವಷ್ಟೇ ಸಾಲದು. ಹಳೆಯ ಎಂಆರ್‌ಐ ಚಿತ್ರಗಳ ಸಿಡಿಯನ್ನು ದಯವಿಟ್ಟು ಜೋಪಾನವಾಗಿಟ್ಟು ಹೊಸ ವೈದ್ಯರಿಗೆ ತಲುಪಿಸಿ.

ಉತ್ತರ 2 (ರೋಗಿಯ ಪತಿ)

ನಮ್ಮ ಮನೆಯಲ್ಲಿ ದಾರಿ ತೋರಿಸಿದ್ದು ಎಂಆರ್‌ಐ ಅಲ್ಲ, ಸಾಮಾನ್ಯ ಸಿಟಿ ಸ್ಕ್ಯಾನ್. ಎಂಆರ್‌ಐನಲ್ಲಿ ತಪ್ಪಿಹೋಗಿದ್ದ ಸಣ್ಣ ಕ್ಯಾಲ್ಸಿಯಂ ಕಣಗಳು, ಕುಹರಗಳ ಮುಂಕೋಡಿನ ಬಳಿ ಮತ್ತು ಕಾರ್ಪಸ್ ಕಲೋಸಮ್ ಪಕ್ಕದಲ್ಲಿ, ಹೊಳೆ ದಾಟಲು ಇಟ್ಟ ಕಲ್ಲುಗಳಂತೆ ಸಾಲಾಗಿ ಕಂಡವು. ತೆಳುವಾದ ಪದರಗಳಲ್ಲಿ ಸಿಟಿ ತೆಗೆಯುವಂತೆ ಕೇಳಿರಿ, ದಪ್ಪ ಪದರಗಳಲ್ಲಿ ಅವು ಮರೆಯಾಗುತ್ತವೆ. ಎರಡು ವರ್ಷ ನಾವು ಬೇರೆ ಚಿಕಿತ್ಸೆಯಲ್ಲಿ ಕಳೆದೆವು, ನಿಮಗೆ ಹಾಗಾಗದಿರಲಿ.

ಉತ್ತರ 3 (ನರರೋಗ ತಜ್ಞ)

ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ, ಆದರೆ ಚಿತ್ರವು ಶಂಕೆಗೆ ದಿಕ್ಕು ತೋರಿಸುತ್ತದೆಯೇ ಹೊರತು ನಿರ್ಣಯ ನೀಡುವುದಿಲ್ಲ. ಕಿವಿಯ ಬದಿಯ ಹಾಲೆಗಳ (ಟೆಂಪೊರಲ್ ಲೋಬ್) ಮುಂತುದಿಯಲ್ಲಿ ಕಲೆಗಳಿದ್ದರೆ ನೋಚ್3 ಜೀನಿನ ದೋಷದಿಂದ ಮಿದುಳಿನ ಸಣ್ಣ ರಕ್ತನಾಳಗಳಿಗೆ ಬರುವ ಕ್ಯಾಡಸಿಲ್ ಕಾಯಿಲೆಯನ್ನು, ಮೆಡುಲ್ಲಾ (ಮಿದುಳಿನ ಕಾಂಡದ ಕೆಳಭಾಗ) ಮತ್ತು ಕತ್ತಿನ ಬೆನ್ನುಹುರಿ ಸಣ್ಣದಾಗಿದ್ದರೆ ಇನ್ನೊಂದು ಲ್ಯೂಕೋಡಿಸ್ಟ್ರೋಫಿಯಾದ ವಯಸ್ಕರ ಅಲೆಕ್ಸಾಂಡರ್ ಕಾಯಿಲೆಯನ್ನು ಯೋಚಿಸಬೇಕಾಗುತ್ತದೆ. ಖಚಿತಪಡಿಸುವುದು ಜೀನ್ ಪರೀಕ್ಷೆಯೇ. ಸಿಎಸ್‌ಎಫ್‌1ಆರ್‌ನ ಪಾತ್ರ 2012ರಲ್ಲಿ ತಿಳಿದುಬಂದ ಮೇಲೆ ಇದಕ್ಕಾಗಿ ಮಿದುಳಿನ ಬಯಾಪ್ಸಿಯ ಅಗತ್ಯ ಬಹುಮಟ್ಟಿಗೆ ತಪ್ಪಿದೆ.

ಇನ್ನೊಂದು ಮಾತನ್ನು ನಿಮಗೇ ಹೇಳಬೇಕು. ತಂದೆಯಿಂದ ಬಂದ ದೋಷವೆಂದಾದರೆ, ಅವರ ಪ್ರತಿಯೊಬ್ಬ ಮಗುವಿಗೂ ಅದು ಬಂದಿರುವ ಸಾಧ್ಯತೆ ಶೇ. 50. ನೀವು ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದಿಲ್ಲ. ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಕುಳಿತು, ತಿಳಿದುಕೊಂಡರೆ ಏನು, ತಿಳಿಯದಿದ್ದರೆ ಏನು ಎಂದು ಬಿಡುವಾಗಿ ಮಾತನಾಡಿ.

ಪ್ರಶ್ನೆ ಕೇಳಿದವರು

ಹಳೆಯ ಸಿಡಿ ಸಿಕ್ಕಿದೆ. ಎರಡು ಎಂಆರ್‌ಐಗಳ ನಡುವೆ ಹನ್ನೊಂದು ತಿಂಗಳ ಅಂತರವಿದೆ. ಡಿಫ್ಯೂಷನ್ ಚಿತ್ರಗಳನ್ನು ಜೊತೆಗಿಟ್ಟು ನೋಡುವಂತೆ ವೈದ್ಯರನ್ನು ಕೇಳುತ್ತೇನೆ, ಸಿಟಿಯ ವಿಷಯವನ್ನೂ ಹೇಳುತ್ತೇನೆ. ನನ್ನ ಪರೀಕ್ಷೆಯ ಬಗ್ಗೆ ಅಕ್ಕನ ಫಲಿತಾಂಶ ಬಂದ ಮೇಲೆ ನಿರ್ಧರಿಸುತ್ತೇನೆ.