‘ಸೊಲಾರಿಸ್’: ಮೂರು ಚಿತ್ರರೂಪಗಳಲ್ಲಿ ಆ ಸಾಗರಕ್ಕೆ ಸಿಕ್ಕ ಜಾಗವೆಷ್ಟು?

ಪ್ರಶ್ನೆ: ಬಸವನಗುಡಿಯ ಓದುಗ

ನಮಸ್ಕಾರ. ಬಸವನಗುಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಬಳಗವು ಈ ಬಾರಿ ಪೋಲೆಂಡಿನ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ (1961) ಕಾದಂಬರಿಯನ್ನು ಓದಿದೆ. ಮುಂದಿನ ಸಭೆಯಲ್ಲಿ ಅದರ ಒಂದು ಚಿತ್ರರೂಪವನ್ನು ಒಟ್ಟಿಗೆ ನೋಡಿ ಚರ್ಚಿಸಬೇಕೆಂದಿದ್ದೇವೆ. ಬೋರಿಸ್ ನಿರೆನ್‌ಬುರ್ಗ್ 1968ರಲ್ಲಿ ಸೋವಿಯತ್ ಟಿವಿಗಾಗಿ ಮಾಡಿದ ಎರಡು ಭಾಗಗಳ ನಾಟಕ, ಆಂದ್ರೇ ತಾರ್ಕೋವ್‌ಸ್ಕಿಯ 1972ರ ಚಿತ್ರ, ಸ್ಟೀವನ್ ಸೋಡರ್‌ಬರ್ಗ್‌ನ 2002ರ ಚಿತ್ರ, ಈ ಮೂರನ್ನೂ ನಾನು ನೋಡಿದ್ದೇನೆ. ಮೂರರಲ್ಲಿಯೂ ಮನಃಶಾಸ್ತ್ರಜ್ಞ ಕೆಲ್ವಿನ್ ಸೊಲಾರಿಸ್ ಎಂಬ ಗ್ರಹದ ಸಂಶೋಧನಾ ನಿಲ್ದಾಣಕ್ಕೆ ಬರುತ್ತಾನೆ, ಹಿಂದೆಂದೋ ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಡತಿ ಹಾರೇ (2002ರ ಚಿತ್ರದಲ್ಲಿ ರೇಯಾ) ಅವನ ಕೋಣೆಯಲ್ಲಿ ಪ್ರತ್ಯಕ್ಷಳಾಗುತ್ತಾಳೆ, ಅವನ ನೆನಪಿನಿಂದಲೇ ಅವಳನ್ನು ರೂಪಿಸಲಾಗಿದೆ ಎಂಬುದು ಕ್ರಮೇಣ ತಿಳಿಯುತ್ತದೆ. ಆದರೆ ಓದುವಾಗ ನನ್ನನ್ನು ಹಿಡಿದಿಟ್ಟದ್ದು ಗ್ರಹವನ್ನು ಆವರಿಸಿರುವ ಸಾಗರ. ಎರಡು ಸೂರ್ಯರ ನಡುವೆ ಸ್ಥಿರವಾಗಿ ಉಳಿಯಲಾರದ ಕಕ್ಷೆಯನ್ನು ತಾನೇ ತಿದ್ದಿಕೊಳ್ಳುವ, ಮನುಷ್ಯರ ಯಾವ ಸಂಪರ್ಕ ಪ್ರಯತ್ನಕ್ಕೂ ಅರ್ಥವಾಗುವಂಥ ಉತ್ತರ ಕೊಡದ ಆ ಜೀವಿ ತೆರೆಯ ಮೇಲೆ ಬರಿಯ ಹಿನ್ನೆಲೆಯಾಗಿ ಉಳಿದಿದೆ ಎನಿಸಿತು. ಕಾದಂಬರಿಗೆ ಹೆಚ್ಚು ಹತ್ತಿರವಾದದ್ದು ಯಾವುದು, ಚರ್ಚೆಗೆ ಯಾವುದನ್ನು ಆರಿಸಿಕೊಳ್ಳಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮಲ್ಲೇಶ್ವರದಿಂದ

ಕಥೆಯ ಓಟವನ್ನಷ್ಟೇ ನೋಡುವುದಾದರೆ 1968ರ ಟಿವಿ ನಾಟಕವೇ ಹತ್ತಿರದ್ದು. ಕಾದಂಬರಿಯಂತೆ ಅದೂ ಭೂಮಿಯ ಪೀಠಿಕೆಯಿಲ್ಲದೆ, ಕೆಲ್ವಿನ್ ನಿಲ್ದಾಣಕ್ಕೆ ಬಂದಿಳಿಯುವಲ್ಲಿಂದ ಶುರುವಾಗುತ್ತದೆ. ಆದರೆ ಅದು ಸ್ಟುಡಿಯೋದ ಗೋಡೆಗಳೊಳಗೆ ಚಿತ್ರಿಸಿದ ಕಪ್ಪುಬಿಳುಪಿನ ನಾಟಕ. ತಾವು ಹುಡುಕುತ್ತಿರುವ ಸಾಗರ ಅಲ್ಲಿ ಮಾತಿನಲ್ಲಿ ಮಾತ್ರ ಇದೆ.

ನನ್ನ ದೃಷ್ಟಿಯಲ್ಲಿ ಮೂರೂ ಕಳೆದುಕೊಂಡಿರುವುದು ಗ್ರಂಥಾಲಯದ ಅಧ್ಯಾಯಗಳನ್ನು. ಕೆಲ್ವಿನ್ ನಿಲ್ದಾಣದ ಕಪಾಟಿನಿಂದ ಒಂದೊಂದೇ ಸಂಪುಟವನ್ನು ತೆಗೆದು ಓದುತ್ತಾ ಹೋದಂತೆ ‘ಸೊಲಾರಿಸ್ ಶಾಸ್ತ್ರ’ದ ಹಲವು ತಲೆಮಾರುಗಳ ಇತಿಹಾಸ ನಮ್ಮೆದುರು ಬಿಚ್ಚಿಕೊಳ್ಳುತ್ತದೆ: ಒಂದು ಪಂಥ ಸಾಗರವನ್ನು ಬುದ್ಧಿಯುಳ್ಳ ಜೀವಿ ಎನ್ನುತ್ತದೆ, ಇನ್ನೊಂದು ಅದನ್ನು ಅಲ್ಲಗಳೆಯುತ್ತದೆ, ಗೀಸೆ ಎಂಬ ವಿದ್ವಾಂಸ ಅದರ ಮೇಲೆ ಎದ್ದು ಅಳಿಯುವ ಬೃಹದಾಕಾರಗಳಿಗೆ ಮಿಮಾಯ್ಡ್, ಸಿಮೆಟ್ರಿಯಾಡ್ ಎಂದು ಹೆಸರಿಟ್ಟು ವರ್ಗೀಕರಿಸುತ್ತಾನೆ, ಇಷ್ಟಾದ ಮೇಲೂ ಯಾರಿಗೂ ಏನೂ ಅರ್ಥವಾಗಿರುವುದಿಲ್ಲ. ಇಲ್ಲದ ವಿಜ್ಞಾನವೊಂದಕ್ಕೆ ಇಷ್ಟು ನಂಬಲರ್ಹವಾದ ಚರಿತ್ರೆಯನ್ನು ಕಟ್ಟಿಕೊಟ್ಟ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ. ಸೋತರೂ ಬಿಡದೆ ನಡೆದ ಆ ವಿದ್ವತ್ತಿನ ಬಗ್ಗೆ ಲೆಮ್ ಅವರಿಗಿರುವ ಗೌರವವೂ ಮರುಕವೂ ಪುಟಪುಟದಲ್ಲಿ ಕಾಣುತ್ತವೆ. ಈ ಅಧ್ಯಾಯಗಳನ್ನು ಕೈಬಿಟ್ಟದ್ದಕ್ಕೆ ತಾಂತ್ರಿಕ ಸೌಲಭ್ಯದ ಕೊರತೆಯನ್ನು ಕಾರಣವಾಗಿ ಒಡ್ಡುವಂತಿಲ್ಲ. 2002ರ ಚಿತ್ರಕ್ಕೆ ಎಲ್ಲ ಸೌಲಭ್ಯವೂ ಇತ್ತು. ಆದರೂ ಅದು ತನ್ನ 99 ನಿಮಿಷಗಳಲ್ಲಿ ಬಹುಪಾಲನ್ನು ದಂಪತಿಗಳ ನೆನಪುಗಳಿಗೆ ಮೀಸಲಿಟ್ಟಿತು.

ತಾರ್ಕೋವ್‌ಸ್ಕಿ ಮಾಡಿದ್ದು ‘ಸೊಲಾರಿಸ್’ ಅಲ್ಲ, ದಸ್ತೊಯೆವ್‌ಸ್ಕಿಯ ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ ಎಂದು ಲೆಮ್ ಅವರೇ ಹೇಳಿದ್ದರು. ಆ ಆಕ್ಷೇಪ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಉತ್ತರ: ಜಯನಗರದಿಂದ

ಮೇಲಿನವರ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ನಮಗೆ ಬೇರೆ ಲೋಕಗಳು ಬೇಕಿಲ್ಲ, ಕನ್ನಡಿಗಳು ಬೇಕು ಎಂಬ ಅರ್ಥದ ಮಾತನ್ನು ನಿಲ್ದಾಣದ ವಿಜ್ಞಾನಿ ಸ್ನೌಟ್ ಕಾದಂಬರಿಯಲ್ಲಿಯೇ ಆಡುತ್ತಾನೆ. ತಾರ್ಕೋವ್‌ಸ್ಕಿ ಹಿಡಿದದ್ದು ಆ ಎಳೆಯನ್ನು, ಮತ್ತು ಹಿಡಿದ ಮೇಲೆ ಕೊನೆಯವರೆಗೂ ಬಿಡಲಿಲ್ಲ. ಭೂಮಿಯ ಮೇಲಿನ ತಂದೆಯ ಮನೆ, ಕೊಳ, ನೀರಿನಡಿಯಲ್ಲಿ ಅಲುಗುವ ಜೊಂಡು, ಟೋಕಿಯೋದಲ್ಲಿ ಚಿತ್ರೀಕರಿಸಿದ ಆ ದೀರ್ಘವಾದ ಹೆದ್ದಾರಿಯ ಪಯಣ, ಇವೆಲ್ಲ ಕಾದಂಬರಿಯಲ್ಲಿಲ್ಲ, ನಿಜ. ಆದರೆ ಅವನ್ನು ಮೊದಲೇ ತೋರಿಸಿರುವುದರಿಂದಲೇ, ನಿಲ್ದಾಣದ ಗ್ರಂಥಾಲಯದಲ್ಲಿ ಕಲಾವಿದ ಬ್ರೂಗೆಲ್‌ನ ಹಿಮದ ಬೇಟೆಗಾರರ ವರ್ಣಚಿತ್ರವನ್ನು ಹಾರೇ ಎವೆಯಿಕ್ಕದೆ ನೋಡುವಾಗ ಅವಳು ಮನುಷ್ಯಳಾಗುತ್ತಿರುವುದು ನಮಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಆಮೇಲೆ ಕೆಲವು ಕ್ಷಣ ಭಾರವಿಲ್ಲದಾಗಿ ಇಬ್ಬರೂ ಬಾಖ್‌ನ ಸಂಗೀತದೊಂದಿಗೆ ತೇಲುವ ದೃಶ್ಯಕ್ಕೆ ಸಮನಾದದ್ದು ಕಾದಂಬರಿಯಲ್ಲಿಲ್ಲ ಎಂದು ಧೈರ್ಯವಾಗಿಯೇ ಹೇಳುತ್ತೇನೆ.

ಚರ್ಚೆಗೆ ಒಂದು ಸಲಹೆ ಇದೆ: ಮುಕ್ತಾಯಗಳನ್ನು ಹೋಲಿಸಿ. ಕಾದಂಬರಿಯ ಕೊನೆಯಲ್ಲಿ ಕೆಲ್ವಿನ್ ಹಳೆಯ ಮಿಮಾಯ್ಡ್ ಒಂದರ ಮೇಲೆ ಇಳಿದು ಅಲೆಯತ್ತ ಕೈ ಚಾಚುತ್ತಾನೆ. ಅಲೆಯು ಅವನ ಕೈಯನ್ನು ಮುಟ್ಟದೆ, ನಡುವೆ ತೆಳುವಾದ ಗಾಳಿಯ ಪದರವನ್ನು ಉಳಿಸಿಕೊಂಡು ಸುತ್ತುವರಿಯುತ್ತದೆ, ಹಲವು ಬಾರಿ ಹೀಗಾದ ಮೇಲೆ ಆಸಕ್ತಿ ಕಳೆದುಕೊಂಡಂತೆ ಹಿಂದೆ ಸರಿಯುತ್ತದೆ. ತಾರ್ಕೋವ್‌ಸ್ಕಿಯಲ್ಲಿ ಸಾಗರದ ನಡುವಿನ ದ್ವೀಪವೊಂದರಲ್ಲಿ ತಂದೆಯ ಮನೆಯೇ ಎದ್ದು ನಿಂತಿರುತ್ತದೆ, ಮಗ ಮಂಡಿಯೂರುತ್ತಾನೆ. ಲೆಮ್ ಅವರ ಸಾಗರ ಕೊನೆಗೂ ಪರಕೀಯವಾಗಿಯೇ ಉಳಿಯುತ್ತದೆ. ತಾರ್ಕೋವ್‌ಸ್ಕಿಯ ಸಾಗರ ಮನುಷ್ಯನಿಗೆ ಅತ್ಯಂತ ಬೇಕಾದದ್ದನ್ನು ಕಟ್ಟಿಕೊಡುತ್ತದೆ, ಅದು ಅನುಗ್ರಹವೋ ಬಂಧನವೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಒಂದು ಸಂಜೆಯ ಚರ್ಚೆಗೆ ಇದೊಂದೇ ಸಾಕು.

ಉತ್ತರ: ರಾಜಾಜಿನಗರದಿಂದ

ಸೋಡರ್‌ಬರ್ಗ್‌ನ ಚಿತ್ರವನ್ನು ಅಷ್ಟು ಸುಲಭವಾಗಿ ಬದಿಗಿಡಬೇಡಿ ಎಂದು ವಿನಂತಿಸುತ್ತೇನೆ. ನಿಲ್ದಾಣದ ವಿಜ್ಞಾನಿ ಸ್ನೋ (ಕಾದಂಬರಿಯ ಸ್ನೌಟ್) ಕೂಡ ಒಬ್ಬ ತದ್ರೂಪಿ, ಮೂಲ ವ್ಯಕ್ತಿ ಆಗಲೇ ಸತ್ತಿದ್ದಾನೆ ಎಂಬ ತಿರುವು ಕಾದಂಬರಿಯಲ್ಲಿಲ್ಲ. ಸಾಗರ ಕಳುಹಿಸಿದವರಿಗೂ ಬದುಕುವ ಹಟವಿದೆ ಎಂಬ ಹೊಸ ಪ್ರಶ್ನೆಯನ್ನು ಅದು ಎತ್ತುತ್ತದೆ. ಕೊನೆಯಲ್ಲಿ ನಿಲ್ದಾಣ ಸೊಲಾರಿಸ್‌ನತ್ತ ಕುಸಿಯುತ್ತಿರುವಾಗ ಒಬ್ಬ ಬಾಲಕ ಚಾಚಿದ ಕೈಯನ್ನು ಕೆಲ್ವಿನ್ ಮುಟ್ಟುತ್ತಾನೆ. ಜಯನಗರದವರು ವಿವರಿಸಿದ ಅಲೆಯ ಪ್ರಸಂಗದ ಪಕ್ಕದಲ್ಲಿಟ್ಟು ನೋಡಿದರೆ, ಲೆಮ್ ಉಳಿಸಿದ್ದ ಆ ತೆಳುವಾದ ಅಂತರವನ್ನೇ ಈ ಚಿತ್ರ ಅಳಿಸಿಹಾಕಿರುವುದು ಕಾಣುತ್ತದೆ. ಅದು ನನಗೆ ಒಪ್ಪಿಗೆಯಿಲ್ಲದ ಬದಲಾವಣೆ. ಆದರೂ ಚರ್ಚಿಸಲು ತಕ್ಕದ್ದು.

ಮರುತ್ತರ: ಬಸವನಗುಡಿಯ ಓದುಗ

ಮೂವರಿಗೂ ಕೃತಜ್ಞತೆಗಳು. ತಾರ್ಕೋವ್‌ಸ್ಕಿಯ ಚಿತ್ರವನ್ನೇ ಆರಿಸಿಕೊಳ್ಳುತ್ತೇವೆ. ಅದು ಎರಡೂಮುಕ್ಕಾಲು ಗಂಟೆಯಷ್ಟು ದೀರ್ಘವಾದ್ದರಿಂದ ಸಭೆಯನ್ನು ಭಾನುವಾರ ಬೆಳಿಗ್ಗೆಗೆ ಬದಲಿಸಿ, ಚಿತ್ರಕ್ಕೆ ಮೊದಲು ಗ್ರಂಥಾಲಯದ ಅಧ್ಯಾಯದಿಂದ ಕೆಲವು ಪುಟಗಳನ್ನೂ, ಚಿತ್ರ ಮುಗಿದ ಮೇಲೆ ಅಲೆಯ ಪ್ರಸಂಗವನ್ನೂ ಗಟ್ಟಿಯಾಗಿ ಓದಿಸುತ್ತೇನೆ. 2002ರ ಚಿತ್ರದ ಕೊನೆಯ ಭಾಗವನ್ನು ಸಮಯ ಉಳಿದರೆ ತೋರಿಸುತ್ತೇನೆ.