ಡ್ರ್ಯಾಗನ್ ಸವಾರಿ ಕೊಟ್ಟರೆ ಆಟ ಸಪ್ಪೆ ಆಗುತ್ತಾ?

ಪ್ರಶ್ನೆ (ಮಡಿಕೇರಿ): ಮಳೆಗಾಲಕ್ಕೆ ಐದು ಜನರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕಿ, ಪಾತ್ರ ವಹಿಸಿ ಕತೆ ಕಟ್ಟುವ ಆಟ) ಆಡಿಸಬೇಕು. ಎಲ್ಲರೂ ಡ್ರ್ಯಾಗನ್ ಸವಾರರ ಕಾದಂಬರಿ ಓದುವವರು. ಡ್ರ್ಯಾಗನ್ ಕೈಗೆ ಸಿಕ್ಕರೆ ಎಲ್ಲ ತೀರಾ ಸುಲಭ ಆಗಲ್ವಾ?

ವಿರಾಜಪೇಟೆಯಿಂದ: ಬರೀ ವಾಹನ ಮಾಡಿದರೆ ಖಂಡಿತ ಆಗುತ್ತೆ. ಓದುಗರನ್ನು ಹಿಡಿದಿಡೋದು ರೆಕ್ಕೆಯಲ್ಲ, ನಂಟು. 1968ರ ‘ಡ್ರ್ಯಾಗನ್‌ಫ್ಲೈಟ್’ ಕಾದಂಬರಿಯಲ್ಲಿ ಮೊಟ್ಟೆಯೊಡೆದ ಡ್ರ್ಯಾಗನ್ ಮರಿಯೇ ಸವಾರರನ್ನು ಆರಿಸಿಕೊಂಡು ಮನಸ್ಸಿನಲ್ಲೇ ಮಾತಾಡುತ್ತೆ. ನೀವೂ ಮರಿಯಿಂದ ಶುರುಮಾಡಿ. ಅದಕ್ಕೆ ಹಸಿವು, ಹಟ ಎರಡೂ ಇರಲಿ. ಮೊದಲ ಮೂರು ದಿನದ ಆಟದಲ್ಲಿ ಹಾರಾಟವೇ ಬೇಡ.

ಸೋಮವಾರಪೇಟೆಯಿಂದ: ಹಾರಿದ ಮೇಲೆ ಬೀಳುವ ಭಯ ಇರಲೇಬೇಕು. ಆಟದ ನಿಯಮಗಳ ಐದನೇ ಆವೃತ್ತಿಯಲ್ಲಿ ಬಿದ್ದ ಪ್ರತಿ 10 ಅಡಿಗೆ ಒಂದು ಆರುಮುಖದ ದಾಳ ಉರುಳಿಸಿ, ಬಂದಷ್ಟು ಅಂಕ ಪೆಟ್ಟು; ಗರಿಷ್ಠ 20 ದಾಳ. ಅಂದರೆ 200 ಅಡಿಗೆ ಸರಾಸರಿ 70 ಅಂಕ ಪೆಟ್ಟು! ಐದನೇ ಹಂತದ (ಲೆವೆಲ್) ಹೆಚ್ಚಿನ ಪಾತ್ರಗಳು ಪ್ರಜ್ಞೆ ತಪ್ಪುತ್ತವೆ. ಜೊತೆಗೆ ನಮ್ಮ ಬೆಟ್ಟದ ಮಂಜು ಕವಿಸಿ, ಮೇಲಿಂದ ಗುರಿ ಕಾಣಬಾರದು.